ಕೊಡಿ... ಕೊಂಡ!

ಬೆಂಗಳೂರಿನಲ್ಲಿ ಹೈದರಾಬಾದ್ ಕಡೆಯ ಬಸ್ಸು ಹತ್ತಿ, ಚಿಕ್ಕಬಳ್ಳಾಪುರದಲ್ಲಿ ಕಣ್ಣು ಮುಚ್ಚಿ, ಬಾಗೇಪಲ್ಲಿಯಲ್ಲಿ ಅರ್ಧ ಕಣ್ಣು ಬಿಟ್ಟು, ಮತ್ತೆ ಮುಚ್ಚೋಣ ಅನ್ನುವಷ್ಟರಲ್ಲಿ ಕಂಡಕ್ಟರ್ ತಲೆಯ ಮೇಲೆ ನಿಂತು ಕೂಗುತ್ತಾನೆ: "ಕೊಡಿಕೊಂಡ! ಕೊಡಿಕೊಂಡ ಚೆಕ್‌ಪೋಸ್ಟ್ ಇಳಿಯೋರು ಬಾಗಿಲಿಗೆ ಬನ್ನಿ!" ಆಂಧ್ರ ಶುರುವಾಗುವುದೇ ಇಲ್ಲಿ. ಎಡಕ್ಕೆ ತಿರುಗಿದರೆ ಲೇಪಾಕ್ಷಿ, ಅದರಾಚೆ ಹಿಂದೂಪುರ. ನೇರ ಹೋದರೆ ಪೆನುಕೊಂಡ, ಅನಂತಪುರ.

ಈ ಊರಿನ ಹೆಸರು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು. ಕನ್ನಡದ ಕಿವಿಗೆ ಇದರಲ್ಲಿ ಇಡೀ ಒಂದು ವ್ಯವಹಾರವೇ ಕೇಳಿಸುತ್ತದೆ. ಒಬ್ಬ 'ಕೊಡಿ' ಅಂದ, ಕೊಟ್ಟರು, 'ಕೊಂಡ'. ಕೊಟ್ಟವರು ಯಾರು, ಕೊಂಡವನು ಯಾರು, ರಸೀತಿ ಎಲ್ಲಿ, ಒಂದೂ ಇಲ್ಲ. ನನ್ನ ಹೆಂಡತಿಯದು ಹಿಂದೂಪುರದ ತೆಲುಗು ಮನೆ. ಅವಳು ಈ ಅರ್ಥವನ್ನು ಸುತರಾಂ ಒಪ್ಪುವುದಿಲ್ಲ. "ಕೋಡಿ ಅಂದ್ರೆ ಕೋಳಿ, ಕೊಂಡ ಅಂದ್ರೆ ಗುಡ್ಡ. ಕೋಳಿಗುಡ್ಡ, ಅಷ್ಟೇ" ಅನ್ನುತ್ತಾಳೆ. "ಹಾಗಾದರೆ ದೀರ್ಘ ಎಲ್ಲಿ ಹೋಯ್ತು? ಬೋರ್ಡಿನಲ್ಲಿ ಕೊ ಹ್ರಸ್ವ ಇದೆಯಲ್ಲ" ಅಂದರೆ, "ಅದನ್ನ ಬೋರ್ಡ್ ಬರೆದವನ್ನ ಹೋಗಿ ಕೇಳಿ" ಎಂದು ಒಳಗೆ ಹೋಗುತ್ತಾಳೆ. ಬೋರ್ಡ್ ಬರೆದವನು ಯಾರು? ದೀರ್ಘ ನುಂಗಿದವನು ಯಾರು? ಯಾವ ದಿನ, ಎಷ್ಟು ಗಂಟೆಗೆ? ಇಂಥ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ನನಗೀಗ ಸಂಬಳ ಕೊಡುತ್ತಿದ್ದಾರೆ ಎಂದರೆ ನೀವು ನಂಬಬೇಕು.

ನಮ್ಮ ಸೋದರಮಾವ ಚೆಕ್‌ಪೋಸ್ಟಿನ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಎಂದಿನಂತೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಹಿಂದೆ ಅವರಿಗೆ ಇಲ್ಲಿ ಲಾರಿಯವರ ಕಾಗದ ಹೊಂದಿಸಿ, ಸೀಲು ಹಾಕಿಸಿಕೊಡುವ ಕೆಲಸ. ಹಿಂದೂಪುರದ ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ ಎಲ್ಲ ಅವರ ಕೈ ದಾಟಿಯೇ ಗಡಿ ದಾಟುತ್ತಿದ್ದವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಮಾರಾಟ ತೆರಿಗೆಯ ಕಾಗದ ತೋರಿಸಲು ಲಾರಿಗಳು ನಿಲ್ಲುವುದನ್ನು ಬಿಟ್ಟವು; ಮಾವ ಬರುವುದನ್ನು ಬಿಡಲಿಲ್ಲ.

"ಏನ್ ಅಳಿಯಾ, ಮೊಕ ಇಳಿಬಿಟ್ಕೊಂಡು ಬಂದಿದ್ದೀಯ? ಕೆಲಸ ಹೋಯ್ತಾ?"

"ಇಲ್ಲ ಮಾವ, ಕೆಲಸ ಇದೆ. ಅದೇ ತೊಂದರೆ."

ಮಾವ ಅಂಗಡಿಯ ಅಕ್ಕನ ಕಡೆ ಎರಡು ಬೆರಳು ತೋರಿಸಿದರು. ಆಕೆ ಎರಡು ಟೀ ಕೊಟ್ಟು, ಮೊಳೆಗೆ ನೇತುಹಾಕಿದ್ದ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡರು. ನಾನು ಆಗ ಅದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ವಿಷಯ ಇಷ್ಟು. ಅಪ್ರೈಸಲ್ ಹತ್ತಿರ ಬಂದ ಹಾಗೆ ನಮ್ಮ ಮ್ಯಾನೇಜರ್ ಸಾಹೇಬರ ನ್ಯಾಯಪ್ರಜ್ಞೆ ಎಚ್ಚರವಾಗುತ್ತದೆ. ಈ ಸಲ ಅವರಿಗೊಂದು ಪಟ್ಟಿ ಬೇಕಾಯಿತು: ಒಂದು ವರ್ಷದಲ್ಲಿ ಎಷ್ಟು ದೂರು ಬಂದವು, ಯಾವ ದೂರನ್ನು ಯಾರು ಬರೆದ ಕೋಡ್ ಬಗೆಹರಿಸಿತು. ಗಿರಾಕಿಯ ಗೋಳಿಗೆ ನಮ್ಮಲ್ಲಿ ಟಿಕೆಟ್ ಅನ್ನುತ್ತಾರೆ. ಪ್ರತಿ ಟಿಕೆಟ್ಟಿಗೂ ಒಂದು ನಂಬರು. ಪ್ರೋಗ್ರಾಮರ್ ಕೋಡ್ ತಿದ್ದಿ ಒಳಗೆ ಸೇರಿಸುವಾಗ ಒಂದು ಸಾಲಿನ ಟಿಪ್ಪಣಿ ಬರೆಯಬೇಕು. ಅದರಲ್ಲಿ 'ಫಿಕ್ಸಸ್' ಎಂದು ಬರೆದು ಟಿಕೆಟ್ ನಂಬರು ಹಾಕಿದರೆ ಸಾಕು, ಟಿಕೆಟ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹಾಗೆ ಬರೆಯಿರಿ ಎಂದು ವರ್ಷವಿಡೀ ಬೇಡಿಕೊಂಡಿದ್ದೆವು. ಬರೆದಿದ್ದು ಏನು? 'ಸಣ್ಣ ಬದಲಾವಣೆ', 'ಕೊನೆಯ ತಿದ್ದುಪಡಿ', 'ನಿಜವಾಗಿಯೂ ಕೊನೆಯ ತಿದ್ದುಪಡಿ', ಮತ್ತು ರಾತ್ರಿ ಎರಡೂವರೆಗೆ ಒಬ್ಬ ಪುಣ್ಯಾತ್ಮ, 'ಈಗಲಾದರೂ'.

"ಓಹೋ, ಕರಣಂ ಕೆಲಸ ಅನ್ನು" ಅಂದರು ಮಾವ. ನಮ್ಮ ಕಡೆಯ ಶಾನುಭೋಗರಿಗೆ ಗಡಿಯಾಚೆ ಕರಣಂ ಎಂದು ಹೆಸರು. "ಅದನ್ನ ರಾಮರಾವು 84ರಲ್ಲೇ ತೆಗೆದುಹಾಕಿದ್ನಲ್ಲೋ. ಬೆಂಗಳೂರಲ್ಲಿ ಇನ್ನೂ ನಡೀತಿದೆಯಾ?" ಮುಂದೆ ಹಿಂದೂಪುರದಿಂದಲೇ ಶಾಸಕರಾದ ಎನ್.ಟಿ. ರಾಮರಾವ್ ಬಗ್ಗೆ ಈ ಸೀಮೆಯ ಹಿರಿಯರು ಏಕವಚನದಲ್ಲೇ ಮಾತಾಡುವುದು, ಅದು ಸಲಿಗೆ.

"ಈ ಲೆಕ್ಕ ಎಲ್ಲಿ ಬರೀತೀರಿ? ಪುಸ್ತಕ ಇದೆಯಾ?"

"ಜಿರಾ ಅಂತ ಒಂದು ಇದೆ ಮಾವ."

"ಜೀರಿಗೆನಾ?"

ಅಲ್ಲ, ರಾಕ್ಷಸ. ಗಾಡ್ಜಿಲ್ಲಾ ಎಂಬ ಸಿನಿಮಾ ದೈತ್ಯನಿಗೆ ಜಪಾನಿನಲ್ಲಿ ಗೋಜಿರಾ ಎಂದು ಹೆಸರು. ದೂರು ಬರೆದಿಡಲು ಮೊದಲು ಬಗ್‌ಜಿಲ್ಲಾ ಎಂಬ ತಂತ್ರಾಂಶ ಇತ್ತು. ಅದನ್ನು ಬಳಸುತ್ತಿದ್ದ ಆಸ್ಟ್ರೇಲಿಯಾದ ಹುಡುಗರು ತಮಾಷೆಗೆ ಅದನ್ನು ಗೋಜಿರಾ ಎಂದು ಕರೆದರು. ತಾವೇ ಒಂದು ಹೊಸದು ಮಾಡಿದಾಗ ತಲೆ ಕಡಿದು ಜಿರಾ ಎಂದು ಹೆಸರಿಟ್ಟರು. ತಲೆ ಇಲ್ಲದ ರಾಕ್ಷಸನಿಗೆ ದಿನಾ ಬೆಳಿಗ್ಗೆ ಹತ್ತಕ್ಕೆ ನಾವು ಬಲಿ ಒಪ್ಪಿಸುತ್ತೇವೆ.

ಟಿಕೆಟ್ ಇರುವುದು ಜಿರಾದಲ್ಲಿ. ಕೋಡ್ ಇರುವುದು ಗಿಟ್‌ನಲ್ಲಿ. ಗಿಟ್ ಬರೆದವನು ಲಿನಕ್ಸ್ ಖ್ಯಾತಿಯ ಲಿನಸ್ ಟೊರ್ವಾಲ್ಡ್ಸ್, 2005ರ ಏಪ್ರಿಲ್‌ನಲ್ಲಿ. ಇಂಗ್ಲೆಂಡಿನ ಆಡುಮಾತಿನಲ್ಲಿ ಗಿಟ್ ಎಂದರೆ ಸಹಿಸಲಾಗದ ಮನುಷ್ಯ. ನನ್ನ ಕೆಲಸಕ್ಕೆಲ್ಲ ನನ್ನದೇ ಹೆಸರಿಡುತ್ತೇನೆ, ಮೊದಲು ಲಿನಕ್ಸ್, ಈಗ ಗಿಟ್ ಎಂದು ಅವನೇ ನಕ್ಕಿದ್ದಾನೆ. ಪಾಪ, ಅವನಿಗೆ ಕನ್ನಡ ಬಾರದು. ಬಂದಿದ್ದರೆ 'ಗಿಟ್ಟಿಸಿಕೊಳ್ಳುವುದು' ಎಂಬ ಕ್ರಿಯಾಪದ ಗೊತ್ತಿರುತ್ತಿತ್ತು, ಹೆಸರಿಗೆ ಇನ್ನೂ ಚೆನ್ನಾದ ವ್ಯುತ್ಪತ್ತಿ ಸಿಗುತ್ತಿತ್ತು.

ಗಿಟ್‌ನಲ್ಲಿ ಒಂದು ಆಜ್ಞೆ ಇದೆ, 'ಬ್ಲೇಮ್'. ಕಡತದ ಮೇಲೆ ಅದನ್ನು ಪ್ರಯೋಗಿಸಿದರೆ ಪ್ರತಿ ಸಾಲಿನ ಪಕ್ಕ ಒಂದು ಹೆಸರು, ತಾರೀಖು, ಗಂಟೆ ಮೂಡುತ್ತವೆ. ಮಾವನಿಗೆ ಅರ್ಥವಾಗಲೆಂದು ಮನೆಯ ಸ್ಟೀಲ್ ಪಾತ್ರೆಗಳ ಉದಾಹರಣೆ ಕೊಟ್ಟೆ. ನಮ್ಮ ಮನೆಯ ಕೊಳದಪ್ಪಲೆಯ ಕಂಠದಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ದೊಡ್ಡಮ್ಮನ ಹೆಸರಿದೆ, ಮುಂದೆ 12-5-82 ಎಂದು ತಾರೀಖು. ಒತ್ತಕ್ಷರಕ್ಕೆ ಜಾಗ ಸಾಲದೆ ಅದು ಹೊಟ್ಟೆಯ ಮೇಲೆ ಇಳಿದಿದೆ. ನಮ್ಮಮ್ಮನಿಗೆ ಅಡುಗೆಮನೆಯ ಪ್ರತಿ ಲೋಟದ ವಂಶಾವಳಿ ಗೊತ್ತು. ಯಾರ ನಾಮಕರಣಕ್ಕೆ ಯಾರು ಕೊಟ್ಟಿದ್ದು, ಅವರ ಮನೆಗೆ ನಾವು ವಾಪಸ್ ಕೊಟ್ಟಿದ್ದು ಏನು, ಅದು ಎಷ್ಟು ತೆಳು ಎಂದು ಅವರು ಆಡಿಕೊಂಡಿದ್ದು ಯಾರ ಹತ್ತಿರ. ಕಂಪ್ಯೂಟರ್ ಬರುವ ಮೊದಲೇ ಕರ್ನಾಟಕದ ಪ್ರತಿ ಅಡುಗೆಮನೆಯಲ್ಲೂ ಬ್ಲೇಮ್ ಚಾಲ್ತಿಯಲ್ಲಿತ್ತು.

"ಆದ್ರೆ ಆ ತಪ್ಪಲೆ ತಗ್ಗು ಬಿದ್ದಿದೆಯಲ್ಲ, ಅದನ್ನ ಕೆಳಗೆ ಹಾಕಿದ್ದು ಯಾರು?" ಎಂದರು ಮಾವ.

"ಅದು ನಾನೇ ಮಾವ, ಏಳನೇ ಕ್ಲಾಸಿನಲ್ಲಿ."

"ನಿನ್ ಹೆಸರು ಎಲ್ಲಿ ಬರೆದಿದೆ?"

"ಬರೆದಿಲ್ಲ."

"ತಗ್ಗು ತೆಗೆಸಿದ್ದು ಯಾರು? ಅದನ್ನೂ ಬರೆದಿಲ್ಲ. ಲೆಕ್ಕ ಚುಕ್ತಾ."

ಗಿಟ್‌ಗಿಂತ ಮೊದಲು ಬಹಳ ಜನ ಬಳಸುತ್ತಿದ್ದ ಸಬ್‌ವರ್ಶನ್ ಎಂಬುದರಲ್ಲಿ ಇದೇ ಆಜ್ಞೆಗೆ ಒಂದಕ್ಕಿಂತ ಹೆಚ್ಚು ಹೆಸರಿತ್ತು. 'ಬ್ಲೇಮ್' ಎಂದು ಹೊಡೆದರೂ ಸರಿ, 'ಪ್ರೇಯ್ಸ್' ಎಂದು ಹೊಡೆದರೂ ಸರಿ. ಬೈಯಲು ಹೋದವನಿಗೂ ಹೊಗಳಲು ಹೋದವನಿಗೂ ಬರುವುದು ಒಂದೇ ಪಟ್ಟಿ, ಒಂದೇ ಹೆಸರು. ಹೈಸ್ಕೂಲಿನಲ್ಲಿ ವ್ಯಾಜಸ್ತುತಿ ಎಂಬ ಅಲಂಕಾರ ಕಲಿಸಿದ್ದರು, ನಿಂದೆಯಲ್ಲಿ ಹೊಗಳಿಕೆ, ಹೊಗಳಿಕೆಯಲ್ಲಿ ನಿಂದೆ. ಪರೀಕ್ಷೆಗೆ ಉದಾಹರಣೆ ನೆನಪಾಗದೆ ಎರಡು ಅಂಕ ಕಳೆದುಕೊಂಡಿದ್ದೆ. ಈಗ ಸಿಕ್ಕಿದೆ, ಮೇಷ್ಟರು ಇಲ್ಲ.

ನನ್ನ ಪಟ್ಟಿಗೆ ಬರೋಣ. ಮೊದಲ ಸುತ್ತಿನಲ್ಲಿ ಕಷ್ಟ ಕೊಟ್ಟಿದ್ದು ಹೆಸರುಗಳೇ. ಒಬ್ಬನೇ ಹುಡುಗ ನಾಲ್ಕು ಹೆಸರಿನಲ್ಲಿ ಕೋಡ್ ಕಳಿಸಿದ್ದಾನೆ: ಇನಿಷಿಯಲ್ ಮುಂದೆ ಇರುವುದು, ಇನಿಷಿಯಲ್ ಹಿಂದೆ ಇರುವುದು, ಪಾಸ್‌ಪೋರ್ಟಿಗಾಗಿ ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಪೂರ್ತಿ ಬಿಡಿಸಿದ್ದು, ಮನೆಯ ಲ್ಯಾಪ್‌ಟಾಪಿನಿಂದ ಬರೀ 'ಅಡ್ಮಿನ್'. ಇದಕ್ಕೆ ಗಿಟ್‌ನಲ್ಲಿ ಮೇಲ್‌ಮ್ಯಾಪ್ ಎಂಬ ಕಡತ ಇಡಬಹುದು. ಕಂದಾಯದ ಕಾಗದದಲ್ಲಿ 'ಉರುಫ್' ಎಂದು ಬರೆದು ಎಲ್ಲ ಹೆಸರನ್ನೂ ಒಬ್ಬನ ತಲೆಗೆ ಕಟ್ಟುವ ಹಾಗೆ. ಅದನ್ನು ಮಾಡಿದೆ. ಮಾಡಿ, ಲೆಕ್ಕ ಓಡಿಸಿದೆ. ಮೊದಲ ಸ್ಥಾನದಲ್ಲಿ ನಾನು!

ಒಂದು ನಿಮಿಷ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಜ್ಞಾನೋದಯವಾಯಿತು. ಆರು ವರ್ಷದ ಹಿಂದೆ ಒಂದು ಶನಿವಾರ ಮಾಡಲು ಬೇರೆ ಕೆಲಸವಿಲ್ಲದೆ, ಕೋಡಿನ ಸಾಲುಗಳನ್ನು ಅಂದವಾಗಿ ಜೋಡಿಸುವ ಒಂದು ಸಾಧನವನ್ನು ಇಡೀ ಯೋಜನೆಯ ಮೇಲೆ ಓಡಿಸಿದ್ದೆ. ಟ್ಯಾಬ್ ಇದ್ದಲ್ಲೆಲ್ಲ ನಾಲ್ಕು ಖಾಲಿ ಜಾಗ ಬಂತು. ಅರ್ಥದಲ್ಲಿ ಅಲ್ಪಪ್ರಾಣದಷ್ಟೂ ವ್ಯತ್ಯಾಸವಿಲ್ಲ. ಆದರೆ ಬ್ಲೇಮ್ ನೋಡುವುದು ಸಾಲನ್ನು ಕೊನೆಯದಾಗಿ ಮುಟ್ಟಿದ ಕೈ ಯಾವುದು ಎಂದು, ತಲೆ ಯಾವುದು ಎಂದಲ್ಲ. ಮದುವೆಮನೆಯಲ್ಲಿ ಎಲೆಗೆ ನೀರು ಚಿಮುಕಿಸಿ ಒರೆಸಿದವನಿಗೆ ಹೋಳಿಗೆಯ ಕೀರ್ತಿ ಬಂದ ಹಾಗಾಯಿತು. ಬರೀ ಕೀರ್ತಿ ಬಂದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೇನೋ. ಸಾಹೇಬರು ಇನ್ನೊಂದು ಅಂಕಣವನ್ನೂ ಕೇಳಿದ್ದರು: 'ದೂರಿಗೆ ಕಾರಣವಾದ ಸಾಲು ಬರೆದವರು'. ಅಲ್ಲಿಯೂ ನಾನೇ ಮೊದಲು. ಒಂದೇ ಪುಟದಲ್ಲಿ ಕೀಚಕನೂ ನಾನೇ, ಭೀಮನೂ ನಾನೇ.

ಇದಕ್ಕೂ ಮದ್ದಿದೆ. 2019ರಿಂದ ಈಚೆಗೆ ಗಿಟ್‌ಗೆ 'ಇಂಥಿಂಥ ಬದಲಾವಣೆ ಬರೀ ಸುಣ್ಣಬಣ್ಣ, ಲೆಕ್ಕಕ್ಕೆ ಹಿಡಿಯಬೇಡ' ಎಂದು ಹೇಳಿಕೊಡಬಹುದು. ಹೇಳಿಕೊಟ್ಟೆ. ಪಟ್ಟಿಯಲ್ಲಿ ಸರಸರ ಕೆಳಗಿಳಿದೆ. ಹದಿನಾಲ್ಕನೇ ಸ್ಥಾನಕ್ಕೆ ಬಂದು ನಿಂತಾಗ, ಅಂದ ಜೋಡಿಸುವುದೂ ಒಂದು ಕಲೆಯಲ್ಲವೆ ಎಂದು ಮನಸ್ಸು ವಾದ ಹೂಡತೊಡಗಿತ್ತು.

ಆದರೆ ನನ್ನ ಮೊಕ ಇಳಿದಿದ್ದು ಅದಕ್ಕಲ್ಲ. ನಮ್ಮ ಟೀಮಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಮಾತು ಕಡಿಮೆ, ಮೀಟಿಂಗಿನಲ್ಲಿ ಕ್ಯಾಮೆರಾ ಹಾಕುವುದಿಲ್ಲ. ವರ್ಷದ ಅತಿ ದೊಡ್ಡ ದೂರು ಒಂದಿತ್ತು. ತಿಂಗಳ ಕೊನೆಯ ದಿನ ಮಾತ್ರ ಲೆಕ್ಕ ತಪ್ಪುತ್ತಿತ್ತು, ಉಳಿದ ದಿನ ಹರಿಶ್ಚಂದ್ರ. ಎಲ್ಲರೂ ತಮಗೆ ತೋಚಿದ್ದನ್ನು ಸೇರಿಸಿದರು. ಒಬ್ಬ ನಲವತ್ತು ಸಾಲು, ಇನ್ನೊಬ್ಬ ನೂರಿಪ್ಪತ್ತು. ಅವಳು ಹನ್ನೊಂದು ದಿನ ಕೂತು ಓದಿ, ಮೂರು ಸಾಲು ಅಳಿಸಿದಳು. ದೂರು ನಿಂತಿತು. ನನ್ನ ಪಟ್ಟಿಯಲ್ಲಿ ಅವಳ ಹೆಸರು ಹುಡುಕಿದರೆ ಎಲ್ಲೂ ಇಲ್ಲ! ಹೇಗಿರುತ್ತದೆ? ಬ್ಲೇಮ್ ಇರುವ ಸಾಲಿಗೆ ಹೆಸರು ಅಂಟಿಸುತ್ತದೆ. ಇಲ್ಲದ ಸಾಲಿಗೆ ಎಲ್ಲಿ ಅಂಟಿಸಬೇಕು? ಹಳೆಯ ಚರಿತ್ರೆಯ ಪುಟ ಮಗುಚುತ್ತ ಕೂತರೆ ಅವಳು ಅಳಿಸಿದ್ದು ಸಿಗುತ್ತದೆ, ನಿಜ. ಸಾಹೇಬರು ಪುಟ ಮಗುಚುವವರಲ್ಲ. ಎಕ್ಸೆಲ್‌ನಲ್ಲಿ ಕೆಂಪು, ಹಸಿರು ಬಣ್ಣ ನೋಡುವವರು. ನೂರಿಪ್ಪತ್ತು ಸಾಲು ಸೇರಿಸಿದವನಿಗೆ ಹಸಿರು.

ಮಾವ ಟೀ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ಇದಕ್ಕೆ ಇಷ್ಟು ಓದಬೇಕಾಯ್ತಾ? ಕಳೆ ಕಿತ್ತೋಳ ಹೆಸರು ಕಡ್ಲೆಕಾಯಲ್ಲಿ ಎಲ್ಲಾದ್ರೂ ಬರೆದಿರುತ್ತಾ?" ಅಂದವರೇ ಅಕ್ಕನ ಕಡೆ ತಿರುಗಿ, "ಎರಡು ಪ್ಲೇಟ್ ಮಿರಪಕಾಯ ಬಜ್ಜಿ" ಅಂದರು. ಅನಂತಪುರ ಸೀಮೆಯಲ್ಲಿ ಕಡಲೆಕಾಯಿ ಹೊಲದ ಹೋಲಿಕೆಗೆ ಎದುರು ವಾದ ನಿಲ್ಲುವುದಿಲ್ಲ.

ಇದು ನಮ್ಮ ಆಫೀಸಿನ ಗೋಳು ಮಾತ್ರವೆ ಎಂದರೆ ಅಲ್ಲ. 2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಿಗೆ ಬಂತು. ಬ್ಯಾಂಕು, ಈಮೇಲು, ಅಂಗಡಿ ಎಲ್ಲವೂ ಗುಟ್ಟು ಕಾಪಾಡಲು ನಂಬಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದ ತೂತು ಅದು. ಒಬ್ಬರು 'ಇಷ್ಟುದ್ದದ ಮಾತು ಹೇಳಿದ್ದೇನೆ, ಅದನ್ನೇ ವಾಪಸ್ ಹೇಳು' ಅಂದರೆ ಸರ್ವರ್ ಹೇಳಬೇಕು. ಮಾತು ನಿಜವಾಗಿಯೂ ಅಷ್ಟುದ್ದ ಇದೆಯೇ ಎಂದು ಅಳೆದು ನೋಡುವ ಸಾಲು ಬಿಟ್ಟುಹೋಗಿತ್ತು. ಮೂರಕ್ಷರ ಹೇಳಿ ಸಾವಿರಾರು ಅಕ್ಷರ ಕೇಳಿದರೆ, ಪಕ್ಕದಲ್ಲಿದ್ದ ಪಾಸ್‌ವರ್ಡು, ಕೀಲಿ ಎಲ್ಲ ಸೇರಿಸಿ ಧಾರಾಳವಾಗಿ ಕೊಟ್ಟುಬಿಡುತ್ತಿತ್ತು. ಕೊಡಿ ಅಂದ, ಕೊಂಡ. ಆ ಕೋಡ್ ಒಳಗೆ ಸೇರಿದ್ದು 2011ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷಕ್ಕೆ ಒಂದು ಗಂಟೆ ಇದ್ದಾಗ ಎಂಬುದನ್ನೂ, ಬರೆದವನು ಯಾರು ಎಂಬುದನ್ನೂ ಪತ್ರಿಕೆಗಳು ನಾಲ್ಕೇ ದಿನದಲ್ಲಿ ಹುಡುಕಿ ಹಾಕಿದವು. ಆತ ಬಂದು, ಹೌದು, ನಾನೇ, ಬೇಕೆಂದು ಮಾಡಿದ್ದಲ್ಲ ಎಂದು ಹೇಳಬೇಕಾಯಿತು. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪಾಪ, ಸಾಕಷ್ಟು ಜನ ಬರೆದಿದ್ದಾರೆ. ತಿದ್ದುಪಡಿ ಸಿದ್ಧಮಾಡಿದವರ ಹೆಸರು ಬರೆಯುತ್ತೇನೆ: ಆಡಂ ಲ್ಯಾಂಗ್ಲಿ ಮತ್ತು ಬೋಡೋ ಮೊಲ್ಲರ್. ಎಂದಾದರೂ ಕೇಳಿದ್ದಿರಾ? ನಾನೂ ಇಪ್ಪತ್ತು ವರ್ಷ ಈ ಅನ್ನ ತಿಂದವನು, ಆ ತಿದ್ದುಪಡಿಯ ಪ್ರಕಟಣೆಯನ್ನು ಹುಡುಕಿ ಓದುವವರೆಗೆ ಕೇಳಿರಲಿಲ್ಲ.

"ಇದಕ್ಕೆಲ್ಲ ಫಾರಿನ್ನಿಗೆ ಯಾಕೆ ಹೋಗ್ತೀಯ? ಹಿಂಗೆ ಎಡಕ್ಕೆ ತಿರುಗು" ಎಂದು ಮಾವ ಲೇಪಾಕ್ಷಿಯ ದಾರಿಯ ಕಡೆ ಗಲ್ಲ ಎತ್ತಿದರು. ಅವರು ಹೇಳಿದ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಅಚ್ಯುತದೇವರಾಯನ ಕಾಲ. ಪೆನುಕೊಂಡದಲ್ಲಿ ಖಜಾನೆ ನೋಡಿಕೊಳ್ಳುತ್ತಿದ್ದ ವಿರೂಪಣ್ಣ ತಮ್ಮ ವೀರಣ್ಣನ ಜೊತೆ ಸೇರಿ ವೀರಭದ್ರನ ಗುಡಿ ಕಟ್ಟಿಸಿದ. ರಾಯನ ಅಪ್ಪಣೆಯಿಲ್ಲದೆ ಹಣ ಬಳಸಿದನೆಂದು ದೂರು ಹೋಯಿತು. ಕಣ್ಣು ಕೀಳಿಸಿ ಎಂದು ಆಜ್ಞೆಯಾಯಿತು. ವಿರೂಪಣ್ಣ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಕಲ್ಯಾಣಮಂಟಪ ಅರ್ಧಕ್ಕೇ ನಿಂತಿತು. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಇವತ್ತಿಗೂ ತೋರಿಸುತ್ತಾರೆ.

"ನೋಡು, ಐನೂರು ವರ್ಷ ಆಯ್ತು. ತಪ್ಪು ಹೊರಿಸಿದ್ದು ಗೋಡೆ ಮ್ಯಾಲೆ ಹಂಗೇ ಇದೆ. ಆ ನಂದಿ ಕೆತ್ತಿದ್ನಲ್ಲ, ಅವನ ಹೆಸರು ಹೇಳು ನೋಡೋಣ?"

ನಾನು ಬಾಯಿ ಬಿಡಲಿಲ್ಲ. ಲೇಪಾಕ್ಷಿಯಲ್ಲಿ ಕನ್ನಡ ಶಾಸನಗಳಿವೆ. ಯಾವ ಊರಿನ ಭೂಮಿ ದೇವರಿಗೆ ಬಂತು, ಕೊಟ್ಟವರು ಯಾರು ಎಂಬುದೆಲ್ಲ ಇದೆ. ಉಳಿ ಹಿಡಿದವನದು ಬಿಟ್ಟುಹೋಗಿದೆ. ತಮ್ಮ ಅಮ್ಮ ಅಡುಗೆ ಮಾಡುವಷ್ಟರಲ್ಲಿ, ಊಟಕ್ಕೆ ಕಾಯುತ್ತ ಕೂತ ಶಿಲ್ಪಿಗಳು ಅಲ್ಲಿನ ಏಳು ಹೆಡೆಯ ನಾಗನನ್ನು ಕೆತ್ತಿ ಮುಗಿಸಿದರಂತೆ ಎಂದು ಗೈಡ್‌ಗಳು ಹೇಳುತ್ತಾರೆ. ಊಟದ ಹೊತ್ತಿಗೆ ಟಿಕೆಟ್ ಮುಚ್ಚಿದ ಆ ಮಹಾನುಭಾವರಿಗೂ ಹೆಸರಿಲ್ಲ. ಅದೇ ಗುಡಿಯಲ್ಲಿ ನೆಲ ಮುಟ್ಟದೆ ನಿಂತ ಕಂಬದ ಗುಟ್ಟು ಅರಿಯಲು ಹೋಗಿ ಅದನ್ನು ಅಲುಗಿಸಿದ ಬ್ರಿಟಿಷ್ ಎಂಜಿನಿಯರನ ಕಥೆ ಮಾತ್ರ ಎಲ್ಲರ ಬಾಯಲ್ಲೂ ಇದೆ. ಕೆಲಸ ಮಾಡುತ್ತಿರುವ ಹಳೆಯ ಕೋಡನ್ನು ಮುಟ್ಟಬೇಡಿ ಎಂದು ಹೊಸ ಹುಡುಗರಿಗೆ ಹೇಳಬೇಕಾದಾಗ ನಾನು ಈ ಕಂಬವನ್ನೇ ಹೇಳುವುದು.

ಸುಮ್ಮನೆ ಸೋಲುವುದು ಹೇಗೆ? "ಮಾವ, ಎಲ್ಲ ಕಡೆ ಹಾಗಿಲ್ಲ" ಅಂದೆ. ಬೇಲೂರಿನ ಮದನಿಕೆಯರ ಪಾದದ ಹತ್ತಿರ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬಿರುದುಬಾವಲಿ ಸಹಿತ ಹೆಸರು ಕೊರೆದಿದ್ದಾರೆ. ಶಿಲ್ಪಿ ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲಿ ಸಿಗುತ್ತದೆ, ಆ ಗುಡಿ 1196ರದು. ಸೋಮನಾಥಪುರದಲ್ಲೂ ಸಿಗುತ್ತದೆ, ಅದು ಮುಂದಿನ ಶತಮಾನದ್ದು. ಒಬ್ಬ ರೂವಾರಿ ಯಾವ ಊರಿನ ಯಾವ ಗೋಡೆಯಲ್ಲಿ ಯಾವ ವಿಗ್ರಹ ಮಾಡಿದ ಎಂದು ಇಂದು ಎಣಿಸಿ ಹೇಳಬಹುದಾದರೆ, ಅವರು ಕಲ್ಲಿನಲ್ಲೇ ಗಿಟ್ ಇಟ್ಟುಕೊಂಡಿದ್ದರು ಅಂತಲೇ ಅರ್ಥ.

"ಈಗಲೂ ಹೆಸರು ಕೆತ್ತೋರು ಇದ್ದಾರಪ್ಪ" ಅಂದರು ಮಾವ. "ಲೇಪಾಕ್ಷಿ ಪ್ರಾಕಾರದಲ್ಲಿ ನೋಡು. ಒಂದು ಹೆಸರು, ಒಂದು ಹಾರ್ಟು, ಅದಕ್ಕೊಂದು ಬಾಣ, ಇನ್ನೊಂದು ಹೆಸರು. ಏನೂ ಕೆತ್ತದೇ ಇರೋನು ಹೆಸರು ಮಾತ್ರ ಕೆತ್ತಿಹೋಗಿರ್ತಾನೆ." ನಮ್ಮಲ್ಲಿಯೂ ಇದ್ದಾರೆ. ಕಡತದ ತುದಿಗೆ ಒಂದು ಖಾಲಿ ಸಾಲು ಸೇರಿಸಿ, ಆ ತಿಂಗಳ ಲೆಕ್ಕಕ್ಕೆ ತಾವೂ ಸೇರಿಕೊಳ್ಳುವವರು.

ತಪ್ಪಿನ ಮೂಲ ಹುಡುಕುವುದು ಈಗ ಶಾಸ್ತ್ರವೇ ಆಗಿದೆ. 2005ರಲ್ಲಿ ಶ್ಲಿವೆರ್ಸ್ಕಿ, ಝಿಮ್ಮರ್‌ಮನ್, ಝೆಲ್ಲರ್ ಎಂಬ ಮೂವರು ಒಂದು ವಿಧಾನ ಕಂಡುಹಿಡಿದರು. ಮೊದಲು ದೂರಿನ ಪುಸ್ತಕವನ್ನೂ ಕೋಡಿನ ಚರಿತ್ರೆಯನ್ನೂ ಜೋಡಿಸಿ ಯಾವ ಬದಲಾವಣೆ ದೂರನ್ನು ಬಗೆಹರಿಸಿತು ಎಂದು ಹಿಡಿಯುವುದು. ಅದು ತಿದ್ದಿದ ಸಾಲುಗಳನ್ನು ಹಿಂದೆ ಯಾರು ಯಾವಾಗ ಬರೆದಿದ್ದರು ಎಂದು ಅಲ್ಲಿಂದ ಹಿಂದಕ್ಕೆ ನಡೆಯುವುದು. ವಿಧಾನಕ್ಕೆ ಮೂವರ ಇನಿಷಿಯಲ್ ಸೇರಿಸಿ ಎಸ್‌ಝಡ್‌ಝಡ್ ಎಂದು ಹೆಸರಾಯಿತು. ಊರಿನವರ ತಪ್ಪಿಗೆಲ್ಲ ಹೆಸರು ಹಚ್ಚುವ ವಿದ್ಯೆಗೆ ಸ್ವಂತ ಹೆಸರು ಬಿತ್ತಲ್ಲ, ಇದು ಪಾಂಡಿತ್ಯ. ಮೊಜಿಲ್ಲಾ, ಎಕ್ಲಿಪ್ಸ್ ಎಂಬ ಎರಡು ದೊಡ್ಡ ಯೋಜನೆಗಳ ಚರಿತ್ರೆಯನ್ನು ಜಾಲಾಡಿದಾಗ, ತಪ್ಪಿಗೂ ವಾರಕ್ಕೂ ನಂಟಿದೆ ಎಂದು ಅವರಿಗೆ ಕಂಡಿತು. ಶುಕ್ರವಾರ ಪ್ರೋಗ್ರಾಮ್ ಬರೆಯಬೇಡಿ ಎಂದೇ ಒಂದು ಉಪನ್ಯಾಸಕ್ಕೆ ತಲೆಬರಹ ಕೊಟ್ಟರು.

"ಶುಕ್ರವಾರ ಎಷ್ಟೊತ್ತಿಗೆ?" ಮಾವನ ಕಣ್ಣು ಹೊಳೆಯಿತು.

"ಹೊತ್ತು ಹೇಳಿಲ್ಲ ಮಾವ."

"ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅದನ್ನ ತಪ್ಪಿಸಿದ್ರೆ ಆಯ್ತು. ಇಷ್ಟಕ್ಕೆ ಮೂರು ಜನ ಬೇಕಿತ್ತಾ?"

ಇಷ್ಟು ಹೊತ್ತಿಗೆ ಮೂರನೇ ಟೀ ಬಂತು. ಮಾವ ಫೋನು ತೆಗೆದು, 2018ರಲ್ಲಿ ತೆಲುಗಿನ ಒಂದೇ ಅಕ್ಷರ ಲೋಕದ ಐಫೋನುಗಳನ್ನೆಲ್ಲ ನಡುಗಿಸಿದ್ದನ್ನು ನೆನಪಿಸಿ ಎದೆಯುಬ್ಬಿಸಿದರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡುವವರಿಗೆ ಎರಡು ಕಡೆಯ ಹೆಮ್ಮೆಯೂ ಪುಕ್ಕಟೆ. ಅಕ್ಷರ 'ಜ್ಞಾ'. ಜ್ಞಕ್ಕೂ ದೀರ್ಘಕ್ಕೂ ನಡುವೆ ಕಣ್ಣಿಗೆ ಕಾಣದ ಗುರುತೊಂದು ಸೇರಿಕೊಂಡು ಬಂದರೆ, ಅದನ್ನು ತೋರಿಸಲು ಹೋದ ಆ್ಯಪ್ ಅಲ್ಲೇ ಮಕಾಡೆ ಮಲಗುತ್ತಿತ್ತು. ಫೆಬ್ರವರಿ 19ರಂದು ಆಪಲ್ 11.2.6 ಎಂಬ ತಿದ್ದುಪಡಿ ಬಿಟ್ಟಿತು. ತಿದ್ದಿದ್ದು ಆಪಲ್ ಎಂಬ ಕಂಪನಿ. ಕಂಪನಿಗೆ ಬೆರಳಿದೆಯೆ, ಕಣ್ಣು ಉರಿಯುತ್ತದೆಯೆ, ರಾತ್ರಿ ಮನೆಯಿಂದ ಫೋನ್ ಬರುತ್ತದೆಯೆ? ಯಾವನೋ ಒಬ್ಬ ಕೂತು 'ಜ್ಞಾ' ಎಂದರೇನೆಂದು ಗೊತ್ತಿಲ್ಲದೆಯೇ ಅದನ್ನು ಬದುಕಿಸಿದ. ಬೀಗ ಹಾಕಿದ ಕೋಡಿಗೆ ಹೊರಗಿನವರು ಬ್ಲೇಮ್ ಓಡಿಸುವ ಹಾಗಿಲ್ಲ.

ನಮ್ಮ ಕನ್ನಡದ್ದು ಇನ್ನೂ ಮಜ. ನೀವು ನುಡಿಯಲ್ಲಿ ಟೈಪ್ ಮಾಡುವವರಾದರೆ, 'ಅಕ್ಕ' ಬರೆಯಲು ಎ, ಕೆ, ಎಫ್, ಕೆ ಒತ್ತುತ್ತೀರಿ. ಒತ್ತಕ್ಷರಕ್ಕೆ ಎಫ್ ಎಂಬ ಈ ಜಾಣತನ ಯಾರದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ನುಡಿಯದು ಅನ್ನುತ್ತಾರೆ. ನುಡಿ ತಂತ್ರಾಂಶ ಕನ್ನಡ ಗಣಕ ಪರಿಷತ್ತಿನದು, ಸರಿ. ಅದರ ಕೀಲಿಮಣೆಗೆ ಆಧಾರ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಐರಾವತಂ ಮಹಾದೇವನ್ ಜೊತೆ ಸಿಂಧೂ ಲಿಪಿಯ ಮೇಲೂ ಕೆಲಸ ಮಾಡಿದ ಆ ಮನುಷ್ಯ, ತಾವು ಮಾಡಿದ ಕನ್ನಡದ ತಂತ್ರಾಂಶಕ್ಕೆ ಸ್ವಂತ ಹೆಸರು ಬಿಟ್ಟು ವಿದ್ವಾಂಸ ಸೇಡಿಯಾಪು ಅವರ ಹೆಸರಿಟ್ಟು ಜನಕ್ಕೆ ಬಿಟ್ಟುಕೊಟ್ಟರು. ಕೊಡಿ ಎನ್ನುವ ಮೊದಲೇ ಕೊಟ್ಟವರು. ಅಂಥವರ ಹೆಸರನ್ನು ಬ್ಲೇಮ್ ಎಂಬ ಆಜ್ಞೆಯಿಂದ ಹುಡುಕಬೇಕಾಗಿರುವುದು ನಮ್ಮ ಕರ್ಮ. ಇನ್ನು 'ರ್ಯಾಂಕ್' ನೋಡಿ. ಹೀಗೆ ಬರೆದರೆ ಅದು ಸೂರ್ಯನ 'ರ್ಯ' ಆಗಿ, ಅರ್ಕಾವತ್ತು ಬಾಲದಂತೆ ನೇತಾಡುತ್ತದೆ. ರಕಾರದ ಬೆನ್ನಿಗೆ ಕಾಣದ ಗುರುತೊಂದನ್ನು ಅಂಟಿಸಿದರೆ 'ರ‍್ಯಾಂಕ್' ಎಂದು ನೆಟ್ಟಗೆ ನಿಲ್ಲುತ್ತದೆ. ಪತ್ರಿಕೆಯ ಡೆಸ್ಕಿನಲ್ಲಿ ಇದನ್ನು ದಿನಾ ಮಾಡುವ ಉಪಸಂಪಾದಕರಿಗೆ ಬರುವ ಓದುಗರ ಪತ್ರ ಅದು ತಪ್ಪಿದ ದಿನದ್ದು ಮಾತ್ರ.

"ಎಲ್ಲಕ್ಕೂ ಸೀಲು ಇದ್ರೆ ಈ ರಗಳೆ ಇಲ್ಲ" ಅಂದರು ಮಾವ, ಹಳೆಯ ವೃತ್ತಿಯ ಗತ್ತಿನಲ್ಲಿ. "ನನ್ ಕಾಲದಲ್ಲಿ ಲೋಡು ತಪ್ಪಾದ್ರೆ ಡ್ರೈವರ್‌ನ ಕೇಳ್ತಿರ್ಲಿಲ್ಲ. ಸೀಲು ಯಾರ್ದು ನೋಡು ಅಂತಿದ್ರು."

ಲಿನಕ್ಸ್‌ನವರಿಗೂ ಈ ಬುದ್ಧಿ ಬಂದಿದ್ದು ಕೋರ್ಟಿನ ಭಯದಿಂದ. ನಮ್ಮ ಕೋಡ್ ಕದ್ದು ಲಿನಕ್ಸ್‌ಗೆ ಸೇರಿಸಿದ್ದೀರಿ ಎಂದು ಎಸ್‌ಸಿಓ ಎಂಬ ಕಂಪನಿ 2003ರಲ್ಲಿ ಐಬಿಎಂ ಮೇಲೆ ದಾವೆ ಹೂಡಿತು. ಮರುವರ್ಷದಿಂದ ಲಿನಕ್ಸ್‌ಗೆ ಬರುವ ಪ್ರತಿ ತುಣುಕಿನ ಕೆಳಗೂ 'ಸೈನ್ಡ್ ಆಫ್ ಬೈ' ಎಂದು ರುಜು ಕಡ್ಡಾಯವಾಯಿತು. ಆಮೇಲೆ ರುಜುಗಳು ಸಂಸಾರ ಬೆಳೆಸಿಕೊಂಡವು. ದೋಷ ತಿಳಿಸಿದವರು, ಪರೀಕ್ಷಿಸಿದವರು, ಓದಿ ಒಪ್ಪಿದವರು, ಸಲಹೆ ಕೊಟ್ಟವರು, ಎಲ್ಲರಿಗೂ ಒಂದೊಂದು ಸಾಲು. ನಮ್ಮ ಲಗ್ನಪತ್ರಿಕೆಯ ಕೆಳಗೆ 'ಸುಖಾಗಮನ ಬಯಸುವವರು' ಎಂದು ಬಂಧುಬಳಗ ನಿಲ್ಲುತ್ತದಲ್ಲ, ಹಾಗೆ. ನಾಲ್ಕು ಸಾಲಿನ ಕೋಡಿಗೆ ಒಂಬತ್ತು ಸಾಲಿನ ಬಳಗ ನಿಂತದ್ದನ್ನೂ ನೋಡಿದ್ದೇನೆ. ಈಚೆಗೆ ಕೃತಕ ಬುದ್ಧಿಯ ಯಂತ್ರವೂ ಸಹಲೇಖಕ ಎಂದು ಆ ಸಾಲಿನಲ್ಲಿ ಬಂದು ಕೂರುತ್ತಿದೆ. ಕರೆಯದೆ ಬಂದ ನೆಂಟ, ಊಟಕ್ಕೆ ಮೊದಲ ಪಂಕ್ತಿ. ಆದರೂ ನಗಬೇಡಿ. ಮೂರು ಸಾಲು ಅಳಿಸಿದವಳಿಗೆ ಅಂಥ ಒಂದು ಸಾಲು ಇದ್ದಿದ್ದರೆ ನಾನೀಗ ಮೊಕ ಇಳಿಬಿಟ್ಟುಕೊಂಡು ಇಲ್ಲಿ ಕೂರಬೇಕಿರಲಿಲ್ಲ. ಕೊನೆಗೆ ಮಾಡಿದ್ದಿಷ್ಟು: ಪಟ್ಟಿಯ ತಲೆಯ ಮೇಲೆ ಕೈಯಾರೆ ಒಂದು ಸಾಲು ಸೇರಿಸಿ ಅವಳ ಹೆಸರು ಬರೆದೆ. 'ಬರೆದ ಸಾಲುಗಳು' ಎಂಬ ಅಂಕಣದಲ್ಲಿ ಮೈನಸ್ ಮೂರು ಎಂದು ತುಂಬಿದೆ. ಇದು ಟೈಪಿಂಗ್ ತಪ್ಪಿರಬೇಕು, ಸರಿಪಡಿಸಿ ಕಳಿಸಿ ಎಂದು ಸಾಹೇಬರಿಂದ ಉತ್ತರ ಬಂದಿದೆ. ಸರಿಪಡಿಸಿದವರು ಯಾರು ಎಂಬ ಅಂಕಣಕ್ಕೆ ಈಗ ನನ್ನ ಹೆಸರು ಹಾಕಬೇಕೇನೋ.

ಹಿಂದೂಪುರದ ಬಸ್ಸು ಹಾರ್ನ್ ಹೊಡೆಯಿತು. ಚೀಲ ಎತ್ತಿಕೊಂಡು, "ಅಕ್ಕಾ, ಎಷ್ಟಾಯ್ತು?" ಅಂದೆ. ಆಕೆ ಮೊಳೆಯಿಂದ ನೋಟ್‌ಬುಕ್ ಇಳಿಸಿ ಒಂದು ಪುಟ ತೆರೆದರು. ತಲೆಯ ಮೇಲೆ ತೆಲುಗಿನಲ್ಲಿ ದಪ್ಪಕ್ಕೆ ಬರೆದಿತ್ತು: ಬೆಂಗಳೂರು ಅಳಿಯ. ಕೆಳಗೆ ಐದೈದರ ಕಟ್ಟುಗಳಲ್ಲಿ ಗೀಟುಗಳು, ಬಜ್ಜಿಗೆ ಬೇರೆ ಸಾಲು, ಬೀಡಿಗೆ ಬೇರೆ ಸಾಲು. ನಾನು ಬೀಡಿ ಸೇದುವುದಿಲ್ಲ.

"ಅಕ್ಕಾ, ನಾನು ಬಸ್ ಇಳಿದು ಒಂದು ಗಂಟೆಯಾಗಿಲ್ಲ. ಇದು ತಿಂಗಳ ಲೆಕ್ಕ ಇದ್ದ ಹಾಗಿದೆ. ಇಷ್ಟು ಕುಡಿದಿದ್ದು ಯಾರು?"

"ಕುಡಿದೋರ ಹೆಸರು ನಾನು ಬರೆಯಲ್ಲ ಸಾರ್. ಕೊಡೋರ ಹೆಸರು ಯಾವುದು ಅಂತ ಕೇಳ್ದೆ, ಹೇಳಿದ್ರು, ಬರ್ಕೊಂಡೆ" ಎಂದು ಅಂಗೈ ಚಾಚಿದರು. "ಕೊಡಿ."

ತಿರುಗಿ ನೋಡಿದೆ. ಬೆಂಚು ಖಾಲಿ. ಮಾವ ಆಗಲೇ ಬಸ್ಸು ಹತ್ತಿ ಕಿಟಕಿಯ ಪಕ್ಕದ ಸೀಟು ಹಿಡಿದಿದ್ದರು. ಅಲ್ಲಿಂದಲೇ ಕೂಗಿದರು: "ಅಳಿಯಾ, ಪುಸ್ತಕದಲ್ಲಿ ಹೊಡೆದುಹಾಕಿಸಿ ಬಾ. ಹಂಗೇ ಎರಡು ಟಿಕೆಟ್ ತಗೋ!"